ಫೋರ್ಡ್ ಕಂಪನಿ ಕಥೆ ಮತ್ತು ನಮ್ಮ ಜಾಬ್ ಕಾರ್ಡ್

ಈ ಸಲ ಬೆಳೆ ವಿಚಾರ ಅಲ್ಲ, ಗಾಡಿ ವಿಚಾರ. ಸ್ವಲ್ಪ ಉದ್ದ ಇದೆ. ಸಂಜೆ ಡೈರಿಗೆ ಹಾಲು ಹಾಕಿ ಬಂದ ಮೇಲೆ ಪುರುಸೊತ್ತಾಗಿ ಓದಿ.

ನಮ್ಮ ಅಳಿಯಂದ್ರು ಹೋದ ತಿಂಗಳು ಫೋನ್ ಮಾಡಿ, "ಮಾವ, ಫೋರ್ಡ್ ಇಕೋಸ್ಪೋರ್ಟ್ ಸೆಕೆಂಡ್ ಹ್ಯಾಂಡ್ ಒಂದು ಸಿಗ್ತಾ ಇದೆ, ರೇಟು ಕಮ್ಮಿ. ತಗೊಳ್ಳೋದಾ ಬೇಡ್ವಾ?" ಅಂತ ಕೇಳಿದ್ರು. ಕಾರಿನ ಬಗ್ಗೆ ನನಗೇನು ಗೊತ್ತು? ಆದ್ರೆ ಕೇಳಿದವರಿಗೆ ಬಾಯಿಗೆ ಬಂದಿದ್ದು ಹೇಳಿ ಕಳಿಸೋ ಅಭ್ಯಾಸ ನನಗಿಲ್ಲ. ಹದಿನೈದು ದಿನ ರಾತ್ರಿ ಊಟ ಆದ ಮೇಲೆ ಕೂತು ಆ ಕಂಪನಿ ಚರಿತ್ರೆ ಓದಿದೆ.

ಅದೇ ಹದಿನೈದು ದಿನದಲ್ಲಿ ನನ್ನ ಚಿಕ್ಕ ಟ್ರ್ಯಾಕ್ಟರ್‌ನ ಕ್ಲಚ್ ಎರಡನೇ ಸಲ ಹೋಯ್ತು. ಕಂಪನಿ ಹೆಸರು ಇಲ್ಲಿ ಬರೆಯಲ್ಲ. ಡೀಲರ್ ಹತ್ರ ಹೋದ್ರೆ ಅಲ್ಲಿನ ಹುಡುಗ ನನ್ನ ಮುಖ ನೋಡಿ, "ಅಣ್ಣ, ಗಾಡೀಲಿ ಏನೂ ಇಲ್ಲ. ನೀವು ಓಡ್ಸೋ ರೀತಿ ಸರಿ ಇಲ್ಲ" ಅಂದ. ಮೂವತ್ತು ವರ್ಷದಿಂದ ಟಿಲ್ಲರ್, ಟ್ರ್ಯಾಕ್ಟರ್ ಹಿಡಿದವನಿಗೆ ಈ ಮಾತು. ತಲೆ ತಗ್ಗಿಸಿಕೊಂಡು ದುಡ್ಡು ಕಟ್ಟಿ ಬಂದೆ. ಆಮೇಲೆ ರಾತ್ರಿ ಓದ್ತಾ ಕೂತಾಗ ಗೊತ್ತಾಯ್ತು, ಇದೇ ಮಾತನ್ನ ಆಸ್ಟ್ರೇಲಿಯಾದಲ್ಲಿ ಸಾವಿರಾರು ಜನಕ್ಕೆ ಹೇಳಿದ್ರು, ಅದಕ್ಕೆ ಕೋರ್ಟ್ ಒಂದು ಕೋಟಿ ಡಾಲರ್ ದಂಡ ಹಾಕ್ತು ಅಂತ. ಅದಕ್ಕೇ ಈ ಬರಹ.

ಮೊದಲಿಂದ ಹೇಳ್ತೀನಿ. ಹೆನ್ರಿ ಫೋರ್ಡ್ ರೈತನ ಮಗ. 1863ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡಿಯರ್‌ಬಾರ್ನ್ ಹತ್ರದ ಹೊಲದ ಮನೇಲಿ ಹುಟ್ಟಿದೋನು. ಹೊಲದ ಕೆಲಸ ಅಂದ್ರೆ ಆಗ್ತಿರಲಿಲ್ಲ, ಮೆಷಿನ್ ಅಂದ್ರೆ ಪ್ರಾಣ. ಡೆಟ್ರಾಯಿಟ್‌ನಲ್ಲಿ ಕರೆಂಟ್ ಕಂಪನೀಲಿ ಎಂಜಿನಿಯರ್ ಆಗಿದ್ದುಕೊಂಡೇ 1896ರಲ್ಲಿ ಸೈಕಲ್ ಚಕ್ರ ಹಾಕಿ ಮೊದಲ ಗಾಡಿ ಕಟ್ಟಿದ. ಆಮೇಲೆ ಶುರು ಮಾಡಿದ ಮೊದಲ ಕಂಪನಿ ಮುಳುಗಿತು, ಎರಡನೇದರಿಂದ ಜಗಳ ಆಗಿ ಹೊರಗೆ ಬಂದ. ಮೂರನೇದು, 1903ರಲ್ಲಿ ಶುರುವಾಗಿದ್ದು, ಈಗಿನ ಫೋರ್ಡ್ ಮೋಟಾರ್ ಕಂಪನಿ.

1908ರಲ್ಲಿ ಬಂದಿದ್ದು ಮಾಡೆಲ್ ಟಿ. 20 ಹಾರ್ಸ್‌ಪವರ್. ಅವತ್ತಿನ ಅಮೆರಿಕದ ಹಳ್ಳಿ ರಸ್ತೆ ನಮ್ಮ ಮಳೆಗಾಲದ ಬಂಡಿಜಾಡು ಇದ್ದ ಹಾಗೆ, ಅದಕ್ಕೇ ಗಾಡಿ ನೆಲದಿಂದ ಎತ್ತರವಾಗಿ ಇಟ್ಟಿದ್ದ. ರೈತರು ಹಿಂದಿನ ಒಂದು ಚಕ್ರಕ್ಕೆ ಜ್ಯಾಕ್ ಕೊಟ್ಟು ಎತ್ತಿ, ಅದಕ್ಕೆ ಬೆಲ್ಟ್ ಹಾಕಿ ಸೌದೆ ಕೊಯ್ತಿದ್ರು, ಕಾಳು ಬೀಸ್ತಿದ್ರು. 1913ರಲ್ಲಿ ಸಾಲಾಗಿ ಗಾಡಿ ಜೋಡಿಸೋ ಪದ್ಧತಿ ತಂದ. 12 ಗಂಟೆ ಮೇಲೆ ಹಿಡೀತಿದ್ದ ಚಾಸಿ ಜೋಡಣೆ ಒಂದೂವರೆ ಗಂಟೆಗೆ ಇಳೀತು. 850 ಡಾಲರ್ ಇದ್ದ ಗಾಡಿ 1925ರ ಹೊತ್ತಿಗೆ 260 ಡಾಲರ್‌ಗೆ ಬಂತು. 1927ರಲ್ಲಿ ನಿಲ್ಲಿಸೋ ಹೊತ್ತಿಗೆ ಒಂದೂವರೆ ಕೋಟಿ ಗಾಡಿ ಮಾಡಿದ್ರು.

ಹಾಗಂತ ಆ ಗಾಡಿ ಕೆಡ್ತಿರಲಿಲ್ಲ ಅಂತಲ್ಲ. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವಾಗ ವಾಪಸ್ ಒದ್ದು ಎಷ್ಟೋ ಜನರ ಮಣಿಕಟ್ಟು ಮುರೀತು. ನಮ್ಮ ಹಳೇ ಡೀಸೆಲ್ ಪಂಪ್‌ಸೆಟ್ ಸ್ಟಾರ್ಟ್ ಮಾಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಟ್ಯಾಂಕು ಸೀಟಿನ ಕೆಳಗೆ, ಪಂಪ್ ಇಲ್ಲ, ಪೆಟ್ರೋಲ್ ತಾನಾಗೇ ಇಳೀಬೇಕು. ಟ್ಯಾಂಕಲ್ಲಿ ಎಣ್ಣೆ ಕಮ್ಮಿ ಇದ್ದು ಕಡಿದಾದ ಏರು ಸಿಕ್ಕಿದ್ರೆ ರಿವರ್ಸ್‌ನಲ್ಲಿ ಹತ್ತಿಸಬೇಕಿತ್ತು! ಗೇರಿನ ಪಟ್ಟಿಗಳು ಸವೀತಿದ್ವು. ಆದ್ರೆ ಮುಚ್ಚಳ ತೆಗೆದು ಬಿಗಿ ಮಾಡೋದು ಮಾಲೀಕನ ಕೈಲೇ ಆಗ್ತಿತ್ತು. ಗಾಡಿ ಬಗ್ಗೆ ಜನ ಜೋಕ್ ಮಾಡಿ ಪುಸ್ತಕವನ್ನೇ ಅಚ್ಚು ಹಾಕಿಸಿದ್ರು, ಆದ್ರೂ ಅದನ್ನೇ ತಗೊಂಡ್ರು. ಯಾಕಂದ್ರೆ ಕೆಟ್ಟಿದ್ದು ಕಣ್ಣಿಗೆ ಕಾಣ್ತಿತ್ತು, ಕೈಗೆ ಸಿಗ್ತಿತ್ತು. "ನಿನ್ನದೇ ತಪ್ಪು" ಅನ್ನೋಕೆ ಮಧ್ಯ ಯಾರೂ ಇರಲಿಲ್ಲ.

ಇನ್ನೊಂದು ಕಥೆ ನಮಗೆ ಇನ್ನೂ ಹತ್ತಿರದ್ದು. 1917ರಲ್ಲಿ ಫೋರ್ಡ್‌ಸನ್ ಅಂತ ಟ್ರ್ಯಾಕ್ಟರ್ ಮಾಡಿದ್ರು. ಅಗ್ಗ, ಹಗುರ, ಲಕ್ಷಾಂತರ ಮಾರಾಟ ಆಯ್ತು. ಅದರಲ್ಲಿ ಒಂದು ದೊಡ್ಡ ಐಬು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡ್ರೆ ಮುಂದಿನ ಚಕ್ರ ಎದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚ್ತಿತ್ತು. ಓಡಿಸೋನು ಕೆಳಗೆ. ಎಷ್ಟೋ ರೈತರು ಹಾಗೆ ಸತ್ತರು. ಅದಕ್ಕೆ ಸರಿಯಾದ ಮದ್ದು ಹುಡುಕಿದೋನು ಐರ್ಲೆಂಡಿನ ಹ್ಯಾರಿ ಫರ್ಗುಸನ್, ಅವನೂ ರೈತನ ಮಗ. ನಿಮ್ಮ ಟ್ರ್ಯಾಕ್ಟರ್ ಹಿಂದೆ ಕಲ್ಟಿವೇಟರ್, ರೋಟವೇಟರ್ ಸಿಕ್ಕಿಸೋ ಎರಡು ಲೋವರ್ ಲಿಂಕು, ಒಂದು ಟಾಪ್ ಲಿಂಕು ಇದೆಯಲ್ಲ, ಆ ಏರ್ಪಾಡು ಅವನದು. ನೇಗಿಲು ಸಿಕ್ಕಿಕೊಂಡಾಗ ಟಾಪ್ ಲಿಂಕು ಮುಂದಕ್ಕೆ ತಳ್ಳಿ ಮೂತಿ ಏಳದ ಹಾಗೆ ತಡೀತದೆ. 1938ರಲ್ಲಿ ಹೆನ್ರಿ ಫೋರ್ಡ್ ಅದನ್ನ ನೋಡಿ ಕೈ ಕುಲುಕಿ ಒಪ್ಪಂದ ಮಾಡ್ಕೊಂಡ, 1939ರಲ್ಲಿ ಟ್ರ್ಯಾಕ್ಟರ್ ಬಂತು. ಕಾಗದ ಪತ್ರ ಇಲ್ಲ, ಬರೀ ಕೈ ಮಾತು. ಮೊಮ್ಮಗನ ಕಾಲಕ್ಕೆ ಕಂಪನಿ ಆ ಮಾತು ಮುರೀತು. ಫರ್ಗುಸನ್ ಕೇಸ್ ಹಾಕಿದ, 1952ರಲ್ಲಿ 92 ಲಕ್ಷ ಡಾಲರ್ ಮೇಲೆ ಕೊಟ್ಟು ರಾಜಿ ಆದ್ರು. ದೊಡ್ಡವರ ನಡುವಿನ ಬಾಯಿ ಮಾತೇ ಹಿಂಗಾದ್ರೆ, ಡೀಲರ್ ಹುಡುಗ "ವಾರಂಟಿ ನೋಡ್ಕೋತೀವಿ ಬಿಡಿ" ಅಂದಿದ್ದಕ್ಕೆ ಏನು ಬೆಲೆ, ನೀವೇ ಹೇಳಿ.

ಈಗ ದೂರಿನ ಕಥೆಗೆ ಬರ್ತೀನಿ. ಅಮೆರಿಕದಲ್ಲಿ ಫೋರ್ಡ್ ಅನ್ನೋ ನಾಲ್ಕು ಇಂಗ್ಲಿಷ್ ಅಕ್ಷರಕ್ಕೆ ಜನ ತಮಾಷೆಗೆ ಅರ್ಥ ಕಟ್ಟಿದ್ದಾರೆ. ಒಂದು, ದಿನಾ ರಿಪೇರಿ ಮಾಡು ಅಂತ. ಇನ್ನೊಂದು, ರಸ್ತೇಲಿ ಸತ್ತು ಬಿದ್ದಿತ್ತು ಅಂತ. ತಮಾಷೆ ಬಿಡಿ, ಮೂರು ಪ್ರಕರಣ ಮಾತ್ರ ಹೇಳ್ತೀನಿ.

ಒಂದು, ಪಿಂಟೋ. 1970ರಲ್ಲಿ ಬಂದ ಚಿಕ್ಕ ಕಾರು. ಪೆಟ್ರೋಲ್ ಟ್ಯಾಂಕು ಹಿಂದಿನ ಆಕ್ಸಲ್‌ಗೂ ಹಿಂದೆ ಇತ್ತು. ಹಿಂದಿಂದ ಗುದ್ದಿದ್ರೆ ಟ್ಯಾಂಕ್ ಒಡೆದು ಬೆಂಕಿ. ಕೆಲವೇ ಡಾಲರ್ ಖರ್ಚಿನಲ್ಲಿ ಸರಿ ಮಾಡಬಹುದಿತ್ತು, ಅದು ಕಂಪನಿಗೆ ಗೊತ್ತಿತ್ತು ಅಂತ ಕ್ಯಾಲಿಫೋರ್ನಿಯಾದ ಕೋರ್ಟ್‌ನಲ್ಲಿ ಹೊರಗೆ ಬಂತು. 1978ರಲ್ಲಿ ಜ್ಯೂರಿ 12.5 ಕೋಟಿ ಡಾಲರ್ ದಂಡ ಹೇಳ್ತು, ಜಡ್ಜ್ ಅದನ್ನ 35 ಲಕ್ಷಕ್ಕೆ ಇಳಿಸಿದ್ರು. ಅದೇ ವರ್ಷ 15 ಲಕ್ಷ ಕಾರು ವಾಪಸ್ ಕರೆಸಿ, ಟ್ಯಾಂಕಿಗೆ ಪ್ಲಾಸ್ಟಿಕ್ ತಡೆ, ಪೆಟ್ರೋಲ್ ಹಾಕೋ ಪೈಪು ಉದ್ದ ಮಾಡಿ ಕೊಟ್ರು. ಎಂಟು ವರ್ಷ ಬೇಕಾಯ್ತು ಒಂದು ಪ್ಲಾಸ್ಟಿಕ್ ತುಂಡಿಗೆ.

ಎರಡು, ಎಕ್ಸ್‌ಪ್ಲೋರರ್ ಅನ್ನೋ ಎತ್ತರದ ಗಾಡಿ. ಅದರ ಫೈರ್‌ಸ್ಟೋನ್ ಟೈರು ಬಿಸಿಲು ರಾಜ್ಯಗಳಲ್ಲಿ ಜೋರಾಗಿ ಹೋಗುವಾಗ ಮೇಲಿನ ಪಟ್ಟಿ ಕಿತ್ತು ಬಂದು ಗಾಡಿ ಉರುಳ್ತಿತ್ತು. 2000ನೇ ಇಸವೀಲಿ 65 ಲಕ್ಷ ಟೈರ್ ವಾಪಸ್ ಕರೆಸಿದ್ರು. 270ಕ್ಕೂ ಹೆಚ್ಚು ಜನ ಸತ್ತಿದ್ರು. ಫೋರ್ಡ್ ಹೇಳ್ತು, ಟೈರ್ ಸರಿ ಇಲ್ಲ ಅಂತ. ಟೈರ್ ಕಂಪನಿ ಹೇಳ್ತು, ನೀವು 26 ಪಾಯಿಂಟ್ ಗಾಳಿ ಸಾಕು ಅಂದ್ರಿ, ಗಾಡಿಯೇ ಉರುಳೋ ಹಾಗಿದೆ ಅಂತ. ನೂರು ವರ್ಷದ ಹತ್ತಿರದ ನೆಂಟಸ್ತನ ಹಂಗೇ ಮುರಿದುಬಿತ್ತು. ಆದ್ರೆ ಒಂದು ಒಳ್ಳೇದಾಯ್ತು. ಗಾಡಿ ಕಂಪನಿಗಳು ತಮಗೆ ಬಂದ ದೂರು, ಸಾವು ನೋವಿನ ಲೆಕ್ಕ ಸರ್ಕಾರಕ್ಕೆ ಕೊಡಲೇಬೇಕು ಅಂತ ಅದೇ ವರ್ಷ ಕಾನೂನು ಬಂತು.

ಮೂರು, ನನ್ನ ಹೊಟ್ಟೆಗೆ ತಾಗಿದ್ದು. ಪವರ್‌ಶಿಫ್ಟ್ ಅನ್ನೋ ಗೇರ್‌ಬಾಕ್ಸ್. 2011ರ ಮಾಡೆಲ್‌ನಿಂದ ಫಿಯೆಸ್ಟಾ, 2012ರ ಮಾಡೆಲ್‌ನಿಂದ ಫೋಕಸ್ ಕಾರಿಗೆ ಅಮೆರಿಕದಲ್ಲಿ ಹಾಕಿದ್ರು. ಒಳಗೆ ನಮ್ಮ ಟ್ರ್ಯಾಕ್ಟರ್ ತರಹ ಕ್ಲಚ್ ಪ್ಲೇಟೇ, ಆದ್ರೆ ಎರಡು ಕ್ಲಚ್. ಒತ್ತೋದು ಬಿಡೋದು ಕಂಪ್ಯೂಟರ್. ಎಣ್ಣೇಲಿ ಮುಳುಗದ ಒಣ ಕ್ಲಚ್. ಮೈಲೇಜ್ ಉಳಿಯುತ್ತೆ ಅನ್ನೋ ಆಸೆ. ಆದ್ರೆ ಟ್ರಾಫಿಕ್‌ನಲ್ಲಿ ನಿಧಾನ ಹೋಗುವಾಗ ಗಾಡಿ ಗಡಗಡ ನಡುಗೋದು, ಎಳೆತ ತಪ್ಪೋದು. ಜನ ಡೀಲರ್ ಹತ್ರ ಹೋದ್ರೆ, ಇದು ಇರೋದೇ ಹಿಂಗೆ, ನಾರ್ಮಲ್ ಅನ್ನೋ ಉತ್ತರ. ಕಾರು ಮಾರ್ಕೆಟ್‌ಗೆ ಬರೋ ಮೊದಲೇ ಒಳಗಿನ ಎಂಜಿನಿಯರ್‌ಗಳು ಎಚ್ಚರಿಕೆ ಕೊಟ್ಟಿದ್ರು ಅಂತ 2019ರಲ್ಲಿ ಡೆಟ್ರಾಯಿಟ್‌ನ ಪತ್ರಿಕೆಯೇ ಕಂಪನಿಯ ಒಳಗಿನ ಕಾಗದ ಇಟ್ಟುಕೊಂಡು ಬರೀತು.

ಆಸ್ಟ್ರೇಲಿಯಾದಲ್ಲಿ ಅದೇ ಗೇರ್‌ಬಾಕ್ಸಿನ ಸುಮಾರು 70,000 ಗಾಡಿ ಮಾರಿದ್ರು. ಅರ್ಧದಷ್ಟು ಗಾಡಿ ಗೇರ್‌ಬಾಕ್ಸ್ ವಿಚಾರಕ್ಕೆ ಒಂದು ಸಲವಾದ್ರೂ ರಿಪೇರಿಗೆ ಬಂದ್ವು. ಐಬು ಇದೆ ಅಂತ ಗೊತ್ತಿದ್ದೂ ಮಾಲೀಕರಿಗೆ "ನಿಮ್ಮ ಡ್ರೈವಿಂಗ್ ಸರಿ ಇಲ್ಲ" ಅಂತ ಹೇಳಿ ಕಳಿಸ್ತಿದ್ರು. ಅಲ್ಲಿನ ಗ್ರಾಹಕರ ಸರ್ಕಾರಿ ಸಂಸ್ಥೆ ಕೋರ್ಟ್‌ಗೆ ಹೋಯ್ತು. 2018ರ ಏಪ್ರಿಲ್‌ನಲ್ಲಿ ಒಂದು ಕೋಟಿ ಆಸ್ಟ್ರೇಲಿಯಾ ಡಾಲರ್ ದಂಡ. ಗಮನಿಸಿ, ದಂಡ ಬಿದ್ದಿದ್ದು ಗೇರ್‌ಬಾಕ್ಸ್ ಕೆಟ್ಟಿದ್ದಕ್ಕಲ್ಲ, ದೂರು ತಂದವರನ್ನ ನಡೆಸಿಕೊಂಡ ರೀತಿಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ನೆಲವೇ ಡೊಂಕು, ಕುಣಿಯೋಳ ಮೇಲೆ ತಪ್ಪು ಹೊರಿಸಿದ್ರು.

ಅಮೆರಿಕದಲ್ಲಿ ಸುಮಾರು 20 ಲಕ್ಷ ಕಾರಿನ ಮಾಲೀಕರ ಪರವಾಗಿ ಒಂದೇ ಕೇಸ್ ನಡೀತು, 2020ರಲ್ಲಿ ಕೋರ್ಟ್ ರಾಜಿ ಒಪ್ಪಿತು. ಅದರ ಲೆಕ್ಕ ನೋಡಿ. ಕಂಪನಿ ಡೀಲರ್ ಹತ್ರ ಎಷ್ಟು ಸಲ ರಿಪೇರಿಗೆ ಹೋಗಿದ್ದೆ ಅನ್ನೋದರ ಮೇಲೆ ದುಡ್ಡು. ಮೂರನೇ ಸಲದಿಂದ ಶುರು, ಜಾಸ್ತಿ ಸಲ ಹೋಗಿದ್ರೆ ಜಾಸ್ತಿ. ಕಾಗದ ಇದ್ದವರಿಗೆ ಪರಿಹಾರ. ಬೇಜಾರಾಗಿ ಹೊರಗಿನ ಗ್ಯಾರೇಜಲ್ಲಿ ಮಾಡಿಸಿಕೊಂಡವರ ಲೆಕ್ಕ ಅಲ್ಲಿ ನಿಲ್ಲೋದು ಕಷ್ಟ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಇಷ್ಟೆಲ್ಲ ಆದ್ರೂ ಅಮೆರಿಕದ ರೈತರು ಫೋರ್ಡ್ ಪಿಕಪ್ ಬಿಟ್ಟಿಲ್ಲ. ಎಫ್ ಸೀರೀಸ್ ಅನ್ನೋ ಅವರ ಟ್ರಕ್ 40 ವರ್ಷದ ಮೇಲಿಂದ ಅಲ್ಲಿ ಅತಿ ಹೆಚ್ಚು ಮಾರಾಟ ಆಗೋ ಪಿಕಪ್. ಹಿಂದಿನ ಕ್ಯಾಮೆರಾ ಐಬಿನ ಗಾಡಿ ತಡವಾಗಿ ವಾಪಸ್ ಕರೆಸಿದ್ದಕ್ಕೆ 2024ರಲ್ಲಿ 16.5 ಕೋಟಿ ಡಾಲರ್‌ವರೆಗಿನ ದಂಡಕ್ಕೆ ಒಪ್ಪಿದ್ರು. ಆಮೇಲೆ 2025ರಲ್ಲಿ ಅರ್ಧ ವರ್ಷ ಆಗೋ ಹೊತ್ತಿಗೇ, ಒಂದು ವರ್ಷದಲ್ಲಿ ಬೇರೆ ಯಾವ ಕಂಪನಿಯೂ ಕರೆಸಿರದಷ್ಟು ಸಲ ಗಾಡಿ ವಾಪಸ್ ಕರೆಸಿದ್ರು. ಇದನ್ನ ನೋಡಿ ನಗೋರೂ ಇದ್ದಾರೆ. ನನಗೆ ಹಾಗನ್ನಿಸಲ್ಲ. ವಾಪಸ್ ಕರೆಸೋದು ಅಂದ್ರೆ ತಪ್ಪು ಒಪ್ಪಿಕೊಂಡು ಬಿಟ್ಟಿ ಸರಿ ಮಾಡಿ ಕೊಡೋದು. ಮುಚ್ಚಿಟ್ಟು ಡ್ರೈವರ್ ಮೇಲೆ ಹಾಕೋದಕ್ಕಿಂತ ಅದು ಸಾವಿರ ಪಾಲು ವಾಸಿ.

ನನ್ನ ಅಭಿಪ್ರಾಯ ಇಷ್ಟೆ. ಕಬ್ಬಿಣ ಅಂದ ಮೇಲೆ ಕೆಡುತ್ತೆ. ಎತ್ತೂ ಕುಂಟುತ್ತೆ, ಮನುಷ್ಯನೂ ಮಲಗ್ತಾನೆ. ಕಂಪನಿಯ ಯೋಗ್ಯತೆ ಗೊತ್ತಾಗೋದು ಷೋರೂಮಿನಲ್ಲಿ ಹಾರ ಹಾಕಿ ಕೀ ಕೊಡುವಾಗ ಅಲ್ಲ, ಮೂರನೇ ಸಲ ಅದೇ ದೂರು ತಗೊಂಡು ಹೋದಾಗ. ಅದಕ್ಕೇ ಗಾಡಿ ತಗೊಳ್ಳೋ ಮೊದಲು ಎಷ್ಟು ಎಚ್‌ಪಿ, ಎಷ್ಟು ಸಬ್ಸಿಡಿ ಅಂತ ಕೇಳೋ ಜೊತೆಗೆ, ಎರಡು ವರ್ಷ ಓಡಿಸಿದ ನಾಲ್ಕು ಜನರನ್ನ ಹುಡುಕಿ, "ಕೆಟ್ಟಾಗ ಅವರು ಏನಂದ್ರು?" ಅಂತ ಕೇಳಿ.

ಅಳಿಯಂದ್ರಿಗೆ ನಾನು ಹೇಳಿದ್ದು: ಫೋರ್ಡ್ 1995ರಲ್ಲಿ ಮಹೀಂದ್ರ ಜೊತೆ ಸೇರಿ ನಮ್ಮ ದೇಶಕ್ಕೆ ಬಂತು, ಐಕಾನ್, ಫಿಗೋ, ಇಕೋಸ್ಪೋರ್ಟ್ ಮಾಡ್ತು, ಹತ್ತು ವರ್ಷದಲ್ಲಿ 200 ಕೋಟಿ ಡಾಲರ್ ಮೇಲೆ ನಷ್ಟ ಅಂತ ಹೇಳಿ 2021ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಕಾರು ಮಾಡೋದು ನಿಲ್ಲಿಸೋದಾಗಿ ಸಾರಿತು. ಸರ್ವಿಸ್, ಸ್ಪೇರ್ ಕೊಡೋದು ಮುಂದುವರಿಸ್ತೀವಿ ಅಂದಿದ್ದಾರೆ. 2013ರಿಂದ ಬಂದ ಹಳೇ ಪೆಟ್ರೋಲ್ ಆಟೋಮ್ಯಾಟಿಕ್ ಇಕೋಸ್ಪೋರ್ಟ್‌ನಲ್ಲಿ ಇದ್ದಿದ್ದೂ ಪವರ್‌ಶಿಫ್ಟ್ ಗೇರ್‌ಬಾಕ್ಸೇ, 2017ರಲ್ಲಿ ಬೇರೆ ತರಹದ್ದಕ್ಕೆ ಬದಲಾಯಿಸಿದ್ರು. ಅದಕ್ಕೇ ಗೇರ್ ಕೈಯಲ್ಲಿ ಹಾಕೋ ಗಾಡಿ ನೋಡಿ, ಸರ್ವಿಸ್ ಬುಕ್ ಪೂರ್ತಿ ಇದ್ರೆ ಮಾತ್ರ ಅಡ್ವಾನ್ಸ್ ಕೊಡಿ, ನಿಮ್ಮ ಊರಿಗೆ ಹತ್ತಿರದ ಸರ್ವಿಸ್ ಎಲ್ಲಿದೆ ಅಂತ ಹೋಗಿ ಕಣ್ಣಾರೆ ನೋಡಿಕೊಂಡು ಬನ್ನಿ ಅಂದೆ. ಅವರು ಇನ್ನೂ ಯೋಚನೆ ಮಾಡ್ತಾ ಇದ್ದಾರೆ.

ಈಗ ನನ್ನ ಕ್ಲಚ್ಚು. ನನ್ನ ಹತ್ರ ಒಂದೇ ಒಂದು ಜಾಬ್ ಕಾರ್ಡ್ ಇಲ್ಲ! ಮೊದಲನೇ ಸಲ ಮೆಕ್ಯಾನಿಕ್ ತೋಟಕ್ಕೇ ಬಂದು ಬಿಚ್ಚಿ ಹಾಕಿದ, ಕೈಗೆ ದುಡ್ಡು ಕೊಟ್ಟೆ, ಬಿಲ್ ಕೇಳಲಿಲ್ಲ. ಎರಡನೇ ಸಲ ಒಂದು ಚೀಟಿ ಕೊಟ್ರು, ಅದರಲ್ಲಿ ಮೊತ್ತ ಬಿಟ್ಟು ಬೇರೇನೂ ಇಲ್ಲ. ಗಂಟೆ ಮೀಟರ್ ಎಷ್ಟಿತ್ತು, ಏನು ದೂರು, ಯಾವ ಪಾರ್ಟ್ ಹಾಕಿದ್ರು, ಯಾವುದೂ ಬರೆದಿಲ್ಲ. ನಾಳೆ ನಾನು ಎಲ್ಲಿ ಹೋಗಿ ಏನು ತೋರಿಸಲಿ? ಎಸ್ಸೆಸ್ಸೆಲ್ಸಿ ಪಾಸಾದೋನು, ಊರಿಗೆಲ್ಲ ಅರ್ಜಿ ಬರೆದುಕೊಡೋನು, ನನ್ನ ಕೆಲಸಕ್ಕೆ ಬರೆಸಿಕೊಳ್ಳಲಿಲ್ಲ. ತಪ್ಪು ನನ್ನದು.

ಇನ್ನೂ ಒಂದು ನಿಜ ಒಪ್ಪಿಕೊಳ್ತೀನಿ. ತೆಂಗಿನ ಸಾಲಲ್ಲಿ ತಿರುಗಿಸುವಾಗ ನಾನೂ ಅರ್ಧ ಕ್ಲಚ್ ಹಿಡೀತೀನಿ. ಸ್ವಲ್ಪ ಪಾಲು ನನ್ನದೂ ಇರಬಹುದು. ಆದ್ರೆ ಸಂತೇಲಿ ಸಿಕ್ಕಿದ ಮೂರು ಜನ, ಬೇರೆ ಬೇರೆ ಊರಿನವರು, ಅದೇ ಗಾಡಿ, ಅದೇ ಕ್ಲಚ್ ಅಂತಾರೆ. ನಾಲ್ಕು ಊರಿನ ನಾಲ್ಕು ಜನಕ್ಕೂ ಒಟ್ಟಿಗೆ ಓಡಿಸೋಕೆ ಮರೆತು ಹೋಯ್ತಾ?

ಅದಕ್ಕೆ ಮಾಡಬೇಕಾದ್ದು ಹೇಳ್ತೀನಿ, ಕೇಳಿ. ಗಾಡಿ ಡೀಲರ್ ಹತ್ರ ಬಿಟ್ಟ ತಕ್ಷಣ ಜಾಬ್ ಕಾರ್ಡ್ ಕೇಳಿ. ದೂರು ನಿಮ್ಮ ಮಾತಲ್ಲೇ ಬರೆಸಿ. "ಜನರಲ್ ಚೆಕಪ್" ಅಂತ ಬರೆದ್ರೆ ಸಹಿ ಹಾಕಬೇಡಿ. ಗಂಟೆ ಮೀಟರ್ ಫೋಟೋ ತೆಗೀರಿ, ತೊಂದರೆ ಕೊಡುವಾಗ ವಿಡಿಯೋ ಮಾಡಿ. ಅವರು ಬಾಯಲ್ಲಿ ಹೇಳಿದ್ದನ್ನ ಅವತ್ತೇ ವಾಟ್ಸಾಪಲ್ಲಿ ಅವರಿಗೇ ಬರೆದು ಹಾಕಿ, "ನೀವು ಹಿಂಗೆ ಹೇಳಿದ್ರಿ" ಅಂತ. ಬಿಚ್ಚಿದ ಹಳೇ ಪ್ಲೇಟ್ ವಾಪಸ್ ಕೇಳಿ ತಗೊಳ್ಳಿ.

ಅಷ್ಟಕ್ಕೂ ಆಗದಿದ್ರೆ 1915 ನಂಬರಿಗೆ ಫೋನ್ ಮಾಡಿ ಗ್ರಾಹಕರ ದೂರು ದಾಖಲು ಮಾಡಬಹುದು. ಅದಕ್ಕೂ ಬಗ್ಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾನೂನು ಪ್ರಕಾರ ನಾವಿರೋ ಜಿಲ್ಲೇಲೇ ಹಾಕಬಹುದು, ಕಂಪನಿ ಇರೋ ಊರಿಗೆ ಅಲೀಬೇಕಾಗಿಲ್ಲ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ರೆ ಶುಲ್ಕ ಇಲ್ಲ, 50 ಲಕ್ಷದವರೆಗೂ ಜಿಲ್ಲೆಯಲ್ಲೇ ನಡೆಯುತ್ತೆ. ವಕೀಲರು ಬೇಕೇ ಬೇಕು ಅಂತಿಲ್ಲ. ತೊಂದರೆ ಆದ 2 ವರ್ಷದ ಒಳಗೆ ಹಾಕಬೇಕು. ಸ್ವಂತ ಜೀವನಕ್ಕೆ ದುಡಿಯೋಕೆ ತಗೊಂಡ ಗಾಡಿಗೂ ನಾವು ಗ್ರಾಹಕರೇ, "ನೀವು ವ್ಯಾಪಾರದವರು" ಅಂತ ಯಾರಾದ್ರೂ ಹೆದರಿಸಿದ್ರೆ ನಂಬಬೇಡಿ.

ಆಸ್ಟ್ರೇಲಿಯಾದವರು, ಅಮೆರಿಕದವರು ನಮಗಿಂತ ಬುದ್ಧಿವಂತರು ಅಂತ ನಾನು ಹೇಳ್ತಿಲ್ಲ. ಅವರೂ ಮೊದಲು ಡೀಲರ್ ಹತ್ರ ಬೈಸಿಕೊಂಡು ವಾಪಸ್ ಬಂದವರೇ. ಒಬ್ಬೊಬ್ಬರೇ ಹೋದಾಗ "ನಿಮ್ಮ ಡ್ರೈವಿಂಗ್ ಸರಿ ಇಲ್ಲ" ಅನ್ನಿಸಿಕೊಂಡ್ರು. ಕಾಗದ ಸೇರಿಸಿ ಇಟ್ಟಾಗ ಗೇರ್‌ಬಾಕ್ಸ್ ಸರಿ ಇಲ್ಲ ಅನ್ನೋದು ಕೋರ್ಟ್‌ಗೂ ಕಾಣ್ತು.

ಹತ್ತಿರದ ಊರುಗಳಲ್ಲಿ ಇದೇ ತರಹ ಚಿಕ್ಕ ಟ್ರ್ಯಾಕ್ಟರ್ ಕ್ಲಚ್ ತೊಂದರೆ ಇರೋರು ಕಂಪನಿ ಹೆಸರು ಇಲ್ಲಿ ಹಾಕಬೇಡಿ, ಜಗಳ ಬೇಡ. ತಗೊಂಡ ತಿಂಗಳು, ಎಷ್ಟು ಗಂಟೆಗೆ ಕ್ಲಚ್ ಹೋಯ್ತು, ಎಷ್ಟು ಖರ್ಚಾಯ್ತು, ಈ ಮೂರು ಮಾತ್ರ ಒಂದು ಹಾಳೇಲಿ ಬರೆದು, ಇರೋ ಬಿಲ್ ಜೊತೆ ನನಗೆ ತಲುಪಿಸಿ. ಸಂತೆ ದಿನ ಬೆಳಿಗ್ಗೆ ಕೊಬ್ಬರಿ ಅಂಗಡಿ ಮುಂದೆ ನಾನು ಇರ್ತೀನಿ. ಹತ್ತು ಹಾಳೆ ಸೇರಿದ್ರೆ ಎಲ್ಲರೂ ಒಟ್ಟಿಗೆ ಡೀಲರ್ ಹತ್ರ ಹೋಗೋಣ. ಈ ಸಲ ಆ ಹುಡುಗ ಏನಂತಾನೆ ಅಂತ ಬರೆಸಿಕೊಂಡೇ ಬರೋಣ.

ಬರೆದಿದ್ದರಲ್ಲಿ ತಪ್ಪಿದ್ರೆ ತಿಳಿದವರು ತಿದ್ದಿ.